ಏಳನೆಯ ವಿಷಯ

ಯಾರ್ಕ್‌ಶೈರಿನ ಹಾಲ್‌ರಾಯ್ಡ್ ಪುರಸಭೆ. ಮಂಗಳವಾರ, ಸಂಜೆ ಆರೂವರೆ.
ನಡಾವಳಿ ಬರೆಯುವವಳು ನಾನು.
ಆರನೆಯ ವಿಷಯ, ಈಜುಕೊಳದ ಬಾಯ್ಲರು, ಮುಂದಕ್ಕೆ ಹೋಯಿತು.
ಏಳನೆಯದು: ಹಳೇ ಠಾಣೆಯಲ್ಲಿ ಪೊಲೀಸು ಮ್ಯೂಸಿಯಮ್ಮು,
ವರ್ಷಕ್ಕೆ ನಲವತ್ತು ಸಾವಿರ ಪೌಂಡು.

ನಿವೃತ್ತ ಸಾರ್ಜೆಂಟ್ ಕ್ಲಿಫರ್ಡ್ ಸಗ್ಡನ್ ಎದ್ದರು;
ಮೊಣಕಾಲು ಲಟಕ್ಕೆಂದದ್ದು ನನ್ನ ಮೇಜಿಗೂ ಕೇಳಿತು.
ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ ತಂದಿದ್ದರು ಇತಿಹಾಸ:
ಸೀಟಿ ಬರುವ ಮುಂಚೆ ಗಸ್ತಿನವರು ತಿರುಗಿಸುತ್ತಿದ್ದ ಗಿಲಕಿ
(ಕೂಸಿನ ಆಟಿಕೆಯಂತಿದೆ, ಸದ್ದು ಮಾತ್ರ ಕಾಗೆಗಳ ಜಗಳ),
ಬಣ್ಣ ಸುಲಿದ ಲಾಠಿ, ಎತ್ತಿನ ಕಣ್ಣಿನಂಥ ಗಾಜಿನ ಕಂದೀಲು,
ಒಳಪಟ್ಟಿಯಲ್ಲಿ ಇನ್ನೂ ಬೆವರಿನ ಉಪ್ಪುಳಿದ
ಒಂದು ಹೆಲ್ಮೆಟ್ಟು.

"ಇದು ಆಲ್ಬರ್ಟ್ ಥ್ವೇಟನದು. ಅರವತ್ತೆಂಟರ ನೆರೆಯಲ್ಲಿ
ಮೂರು ಮಕ್ಕಳನ್ನು ದಡ ಸೇರಿಸಿ
ನಾಲ್ಕನೆಯದಕ್ಕೆ ಹೋದ.
ಹೆಲ್ಮೆಟ್ಟು ಸಿಕ್ಕಿತು."
ಅಷ್ಟಂದು ನೀರು ಕುಡಿದರು.
ಮಾತನ್ನು ಮೊಟಕು ಮಾಡುವುದೇ ನನ್ನ ಕೆಲಸ;
ಇದನ್ನು ಇದ್ದ ಹಾಗೇ ಬರೆದುಕೊಂಡೆ.

ಆಮೇಲೆ ಲೆಕ್ಕದ ಸರದಿ.
ಗ್ರಂಥಾಲಯಕ್ಕೆ ಬುಧವಾರ ಬೀಗ, ಶಾಲೆಯ ಮಾಡು ಸೋರುತ್ತಿದೆ.
"ನಮ್ಮ ಬೀದಿಗೆ ಜೀವಂತ ಪೊಲೀಸನೇ ಗತಿಯಿಲ್ಲ,
ಸತ್ತವರಿಗೆ ಗಾಜಿನ ಮನೆಯೋ?" ಅಂದ ಮಾಂಸದಂಗಡಿಯ ಡೆಸ್ಮಂಡ್.
ಹಿಂದಿನ ಸಾಲು ನಕ್ಕಿತು. "ದುಡ್ಡು ಯಾರಪ್ಪನದು?"
ಅದನ್ನು ನಾನು
"ಸಾರ್ವಜನಿಕ ವೆಚ್ಚದ ಬಗ್ಗೆ ಕಳವಳ" ಎಂದು ತೊಳೆದು ಒಣಹಾಕಿದೆ.

ಆಗ ಕೈ ಎತ್ತಿದವರು ಮಿಸೆಸ್ ಅರ್ಲೀನ್ ಪಿನಾಕ್,
ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ದುಡಿದವರು.
ಕೋಟು ಬಿಚ್ಚಿರಲಿಲ್ಲ. ಕೈಚೀಲದಿಂದ ಒಂದು ಕಂದು ಲಕೋಟೆ.

"ನನ್ನ ತಮ್ಮ ಎರೊಲ್. ಎಂಬತ್ತೊಂದರ ಜುಲೈ, ಹತ್ತೊಂಬತ್ತು ವಯಸ್ಸು.
ಬಸ್ಸು ಹಿಡಿಯಲು ಓಡುತ್ತಿದ್ದ. ಓಡಿದ್ದೇ ಸಾಕಾಯಿತು.
ಎರಡು ರಾತ್ರಿ ಇದ್ದ,
ನಿಮ್ಮ ಮ್ಯೂಸಿಯಮ್ಮಿನ ಮೂರನೆಯ ಕೋಣೆಯಲ್ಲಿ.
ಒಳಗೆ ಹಾಕುವ ಮುಂಚೆ ಬೂಟಿನ ದಾರ ಬಿಚ್ಚಿಸಿಕೊಳ್ಳುತ್ತಾರಲ್ಲ,
ಕೊರಳಿಗೆ ಬಿಗಿದುಕೊಂಡಾರೆಂದು. ಒಳ್ಳೆಯದಕ್ಕೇ ಅನ್ನಿ.
ಬಿಡುವಾಗ ವಾಪಸು ಕೊಟ್ಟರು. ಅವನು ಪೋಣಿಸಲಿಲ್ಲ.
ಇದ್ದಷ್ಟು ದಿನ ಬಾಯ್ತೆರೆದ ಬೂಟು, ಕಾಲೆಳೆವ ನಡಿಗೆ.
ಮತ್ತೆ ಓಡಲೇ ಇಲ್ಲ."

ಮೇಜಿನ ಮೇಲೆ ಸುರಿದರು. ಎರಡು. ಕಂದು.
ಒಂದರ ತುದಿಯ ತಗಡು ಕಳಚಿದೆ.

"ಹಣ ಬೇಡವೆನ್ನಲು ಬಂದಿಲ್ಲ. ಕೊಡಿ.
ಥ್ವೇಟ್ ದಾಟಿಸಿದ ಮೂವರಲ್ಲಿ ಒಬ್ಬಳು
ನನ್ನ ಪಕ್ಕ ನಿಂತು ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿದವಳು.
ಇದನ್ನೂ ಇಡಿ, ಅಷ್ಟೆ. ಅದೇ ಗಾಜಿನೊಳಗೆ, ಅದೇ ದೀಪದಡಿ.
ಮೂಲೆಯಲ್ಲಲ್ಲ."

ಹೀಟರಿನ ಗುರುಗುರು ಬಿಟ್ಟರೆ ಸದ್ದಿಲ್ಲ.
ಸಗ್ಡನ್ ಕನ್ನಡಕ ತಡಕಿ, ಲಕೋಟೆಯನ್ನು ಬೆಳಕಿಗೆ ಹಿಡಿದರು.
"ಏಳಕ್ಕೆ ಅಡ್ಡಗೆರೆ. ಇದು ಹೊರೇಸನ ಕೈ," ಅಂದರು,
ಯಾರಿಗೆಂದಲ್ಲ. "ನನಗೆ ಕೆಲಸ ಕಲಿಸಿದವನು.
ಎಷ್ಟು ಅಂದವಾಗಿ ಬರೆಯುತ್ತಿದ್ದ."
ತಿರುಗಿ ಕೊಡುವುದೋ ಇಟ್ಟುಕೊಳ್ಳುವುದೋ ತಿಳಿಯದೆ
ಹಿಡಿದೇ ನಿಂತರು.

ಅಧ್ಯಕ್ಷೆ ಗಡಿಯಾರ ನೋಡಿದರು. ಮತಕ್ಕೆ ಹಾಕಲಿಲ್ಲ;
ಮುಂದಿನ ತಿಂಗಳಿಗೆ.
ಎಂಟನೆಯದು: ಸ್ಮಶಾನದ ಬೇಲಿ.

ಈಗ ಎಲ್ಲರೂ ಹೋದ ಮೇಲೆ ಪಟ್ಟಿ ತುಂಬುತ್ತಿದ್ದೇನೆ.
ಮಂಡಿಸಿದ ದಾಖಲೆಗಳು: ನಕ್ಷೆ, ಅಂದಾಜು ಖರ್ಚು,
ಬೂಟಿನ ದಾರ, ಜೊತೆ ಒಂದು.
ಅಂದಾಜು ಬೆಲೆ ಎಂಬ ಕಡೆ ಪೆನ್ನು ಸುಮ್ಮನೆ ನಿಂತು
ಒಂದು ಮಸಿಯ ಚುಕ್ಕೆ ಬಿಟ್ಟಿತು.

ಕಿಟಕಿಯ ಕೆಳಗೆ ಬಸ್‌ಸ್ಟಾಪಿನ ಬೆಂಚು.
ಒಂದು ತುದಿಗೆ ಅವರು, ಇನ್ನೊಂದು ತುದಿಗೆ ಅವರು,
ನಡುವೆ ಬಾಳೆಹಣ್ಣಿನ ಪೆಟ್ಟಿಗೆ.
ಮಾತಾಡಿದರೋ, ಇಲ್ಲಿಗೆ ಕೇಳಿಸದು.
ಬಸ್ಸು ಬಂತು, ಸ್ವಲ್ಪ ಮುಂದೆ ಹೋಗಿ ನಿಂತಿತು.
ಇಬ್ಬರೂ ಎದ್ದರು.
ಯಾರೂ ಓಡಲಿಲ್ಲ.